ಪದಕ ತಂದವನಿಗೂ ಪರೀಕ್ಷೆ ಇತ್ತು

ದ್ವಿತೀಯ ಪಿಯುಸಿಗೆ ಬಂದ ಕೂಡಲೇ ನಮ್ಮಲ್ಲಿ ಹಲವರ ಆಟದ ಬೂಟು ಅಟ್ಟ ಸೇರುತ್ತದೆ. "ಈ ಒಂದು ವರ್ಷ ಆಟ ಬಿಡು" ಎಂದು ಮನೆಯವರು ಹೇಳುತ್ತಾರೆ, ನಾವೂ ತಲೆಯಾಡಿಸುತ್ತೇವೆ. ಹಾಗೆ ಬಿಟ್ಟ ಆಟ ಮತ್ತೆ ಕೈಗೆ ಸಿಗುವುದು ಅಪರೂಪ. ಆಟ, ಪಾಠ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎನ್ನುವವರು ಹಂಗೇರಿಯ ಆಲ್‌ಫ್ರೆಡ್ ಹಾಯೋಶ್ ಅವರ ಬದುಕನ್ನು ಒಮ್ಮೆ ನೋಡಬೇಕು.

ಹಾಯೋಶ್ ಹುಟ್ಟಿದ್ದು 1878ರಲ್ಲಿ, ಬುಡಾಪೆಸ್ಟ್‌ನಲ್ಲಿ. ಅವರಿಗೆ 13 ವರ್ಷವಾಗಿದ್ದಾಗ ತಂದೆ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ತೀರಿಕೊಂಡರು. ನೀರೆಂದರೆ ಹೆದರಿ ದೂರ ಉಳಿಯಬಹುದಿದ್ದ ಹುಡುಗ ಒಳ್ಳೆಯ ಈಜುಗಾರನಾಗಲು ಹಠ ತೊಟ್ಟ.

1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆಯಿತು. ಈಜುಕೊಳ ಇರಲಿಲ್ಲ, ಪಿರೇಯಸ್ ಬಳಿಯ ಸಮುದ್ರದಲ್ಲೇ ಸ್ಪರ್ಧೆ. ಏಪ್ರಿಲ್ ತಿಂಗಳ ಕೊರೆಯುವ ನೀರು, ಎತ್ತರದ ಅಲೆಗಳು. 18 ವರ್ಷದ ಹಾಯೋಶ್ 100 ಮೀಟರ್ ಈಜನ್ನು 1 ನಿಮಿಷ 22.2 ಸೆಕೆಂಡಿನಲ್ಲಿ ಮುಗಿಸಿ ಗೆದ್ದರು. ಅದೇ ದಿನ 1200 ಮೀಟರ್ ಸ್ಪರ್ಧೆಗೆ ಈಜುಗಾರರನ್ನು ದೋಣಿಯಲ್ಲಿ ಕರೆದೊಯ್ದು ಸಮುದ್ರದ ನಡುವೆ ಬಿಟ್ಟರು. ದಡಕ್ಕೆ ಈಜಿ ಬರಬೇಕು. ಚಳಿ ತಡೆಯಲು ಹಾಯೋಶ್ ಮೈಗೆಲ್ಲ ದಪ್ಪಗೆ ಗ್ರೀಸ್ ಬಳಿದುಕೊಂಡಿದ್ದರು. ಅದನ್ನೂ ಅವರೇ ಗೆದ್ದರು. ಆದರೆ ಆಗ ತನಗಿದ್ದದ್ದು ಗೆಲ್ಲುವ ಆಸೆಯಲ್ಲ, ಬದುಕಿ ದಡ ಸೇರುವ ಆಸೆ ಎಂದು ಅವರು ಮುಂದೆ ಹೇಳಿಕೊಂಡರು.

ಆಗ ಅವರು ವಾಸ್ತುಶಿಲ್ಪದ ವಿದ್ಯಾರ್ಥಿ. ಊರಿಗೆ ಮರಳಿದಾಗ ಕಾಲೇಜಿನ ಡೀನ್, ನಿನ್ನ ಪದಕಗಳಲ್ಲಿ ನನಗೆ ಆಸಕ್ತಿಯಿಲ್ಲ, ಮುಂದಿನ ಪರೀಕ್ಷೆಯಲ್ಲಿ ನಿನ್ನ ಉತ್ತರ ಕೇಳಲು ಕಾದಿದ್ದೇನೆ ಎಂದರಂತೆ.

ನನ್ನ ಅಭಿಪ್ರಾಯದಲ್ಲಿ ಡೀನ್ ಅರ್ಧ ಸರಿ. ಪದಕ ತಂದವನಿಗೂ ಪರೀಕ್ಷೆಯಲ್ಲಿ ವಿನಾಯಿತಿ ಬೇಡ. ಹಾಯೋಶ್ ಕೂಡ ಓದು ಬಿಡಲಿಲ್ಲ, ವಾಸ್ತುಶಿಲ್ಪಿಯಾದರು. ಆಟವನ್ನೂ ಬಿಡಲಿಲ್ಲ, 1902ರಲ್ಲಿ ಹಂಗೇರಿಯ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯದಲ್ಲಿ ಆಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಲಾ ಸ್ಪರ್ಧೆಗಳೂ ಇದ್ದವು. ಅಲ್ಲಿ ದೆಜೋ ಲಾಬರ್ ಜೊತೆ ಸೇರಿ ರಚಿಸಿದ ಕ್ರೀಡಾಂಗಣದ ನಕ್ಷೆಗೆ ಬೆಳ್ಳಿ ಪದಕ ಬಂತು. 1930ರಲ್ಲಿ ಬುಡಾಪೆಸ್ಟ್‌ನ ಮಾರ್ಗರೆಟ್ ದ್ವೀಪದಲ್ಲಿ ಅವರೇ ವಿನ್ಯಾಸ ಮಾಡಿದ ಈಜುಕೊಳ ಸಿದ್ಧವಾಯಿತು. ಡ್ಯಾನ್ಯೂಬ್ ನದಿಯ ನಡುವಿನ ಆ ದ್ವೀಪದಲ್ಲಿ ಈಗಲೂ ಮಕ್ಕಳು ಈಜುತ್ತಾರೆ. ತಂದೆಯನ್ನು ಕಳೆದುಕೊಂಡ ನದಿಯ ಮಡಿಲಲ್ಲೇ ಮಗ ಈಜುವವರಿಗೆ ಜಾಗ ಕಟ್ಟಿಕೊಟ್ಟ. ಈಜು ತಿಳಿಯದವನಿಂದ ಆ ಕೆಲಸ ಅಷ್ಟು ಚೆನ್ನಾಗಿ ಆಗುತ್ತಿತ್ತೇ?

ಡೀನ್ ತಪ್ಪಿದ್ದು ಇಲ್ಲಿಯೇ. ಆಟದಲ್ಲಿ ಕಲಿತದ್ದು ಓದಿಗೆ ಸೇರುತ್ತದೆ ಎಂಬುದು ಅವರಿಗೆ ಕಾಣಲಿಲ್ಲ.

ಗೆಳೆಯ ಗೆಳತಿಯರೇ, ದಿನಕ್ಕೆ ಅರ್ಧ ಗಂಟೆಯಾದರೂ ಆಟವನ್ನು ಉಳಿಸಿಕೊಳ್ಳಿ. ಆದರೆ ಅದನ್ನು ಓದದಿರುವುದಕ್ಕೆ ನೆಪ ಮಾಡಬೇಡಿ. ಉಪನ್ಯಾಸಕರಲ್ಲಿ ಒಂದು ವಿನಂತಿ: ಪಂದ್ಯ ಮುಗಿಸಿ ಬಂದ ವಿದ್ಯಾರ್ಥಿಗೆ ತಪ್ಪಿದ ಪಾಠದ ಬಗ್ಗೆ ಖಂಡಿತ ಕೇಳಿ. ಅದಕ್ಕೆ ಮೊದಲು, ಪಂದ್ಯ ಏನಾಯಿತು ಎಂದೂ ಒಂದು ಮಾತು ಕೇಳಿ.