ಕಲ್ಲು ತೆಗೆದದ್ದು ನಿಜ, ಯಂತ್ರ ಕೆಟ್ಟಿಲ್ಲ

"ಛಲೋ ಮಷೀನ ತಂದು ಹಾಳ ಮಾಡಿ ಇಟ್ಟೀರಲ್ರೀ!"

ಸರ್ಫೇಸ್ ಗ್ರೈಂಡರಿನ ಕಲ್ಲು ಬಿಚ್ಚಿ, ಆ ಜಾಗದಲ್ಲಿ ಬೆಲ್ಟ್ ಓಡಿಸಿ ಚಾಕು ಮಾಡುವುದರ ಬಗ್ಗೆ ನಾನು ಬರೆದ ಮೇಲೆ ಬಂದ ಮಾತುಗಳಲ್ಲಿ ಅತ್ಯಂತ ಸಭ್ಯವಾದದ್ದು ಇದು. ಬಾಗಲಕೋಟೆಯ ಟೂಲ್‌ರೂಮ್ ಮಾಸ್ತರರೊಬ್ಬರು, ಬಾದಾಮಿ ಕಡೆಯ ಕಮ್ಮಾರ ಕಾಕಾ ಒಬ್ಬರು, ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕೂದಲು ಹಣ್ಣು ಮಾಡಿಕೊಂಡ ಸೂಪರ್‌ವೈಜರ್ ಒಬ್ಬರು: ಮೂವರೂ ಮೂರು ದಿಕ್ಕಿನಿಂದ ಬೈದಿದ್ದಾರೆ. ಮೂವರೂ ತಿಳಿದವರು. ಆದ್ದರಿಂದ ಉತ್ತರ ಕೊಡಲೇಬೇಕು. ಒಂದೆರಡು ಕಡೆ ತಪ್ಪನ್ನೂ ಒಪ್ಪಿಕೊಳ್ಳಬೇಕು.

ಮೊದಲು, ಯಂತ್ರ ನೋಡದವರಿಗಾಗಿ ನಾಲ್ಕು ಮಾತು. ಸರ್ಫೇಸ್ ಗ್ರೈಂಡರ್ ಎಂದರೆ ಎಡಕ್ಕೂ ಬಲಕ್ಕೂ ಓಡಾಡುವ ಅಯಸ್ಕಾಂತದ ಮೇಜು. ಅದರ ಮೇಲೆ ಕಬ್ಬಿಣದ ತುಂಡು ಕಚ್ಚಿಕೊಂಡು ಕೂರುತ್ತದೆ. ಮೇಲೆ 200 ಮಿ.ಮೀ. ಅಡ್ಡಳತೆಯ ಕಲ್ಲು ನಿಮಿಷಕ್ಕೆ ಸುಮಾರು 2800 ಸುತ್ತು ತಿರುಗುತ್ತದೆ. ಕೈಚಕ್ರ ತಿರುಗಿಸಿ ಕಲ್ಲನ್ನು ಕೂದಲೆಳೆಯಷ್ಟು ಇಳಿಸುತ್ತಾ ಹೋದರೆ ಕೆಳಗಿನ ಲೋಹ ಸಮತಟ್ಟಾಗುತ್ತದೆ. ನಾನು ಮಾಡಿದ್ದಿಷ್ಟೇ: ಕಲ್ಲಿನ ಜಾಗಕ್ಕೆ ಅಷ್ಟೇ ಅಡ್ಡಳತೆಯ, ಅಂಚಿಗೆ ಗಟ್ಟಿ ರಬ್ಬರ್ ಹೊದಿಸಿದ ಅಲ್ಯೂಮಿನಿಯಂ ಗಾಲಿ ಹಾಕಿದೆ. ಅದರ ನೆತ್ತಿಯ ಮೇಲೆ ಸ್ಪ್ರಿಂಗ್ ತೋಳಿನ ತುದಿಗೆ ಒಂದು ಸಣ್ಣ ಗಾಲಿ. ಎರಡನ್ನೂ ಬಳಸಿ 1830 ಮಿ.ಮೀ. ಸುತ್ತಳತೆಯ ಸಾಣೆ ಬೆಲ್ಟ್. ಮೇಜು ಅದೇ, ಜಾರುದಾರಿ ಅದೇ, ಕೈಚಕ್ರ ಅದೇ.

ಮಾಸ್ತರರ ಮೊದಲ ಆಕ್ಷೇಪ ಅಳತೆಯದು. ಮಿಲಿಮೀಟರಿನ ನೂರರ ಒಂದು ಭಾಗಕ್ಕಿಂತ ಕಡಿಮೆ ವ್ಯತ್ಯಾಸ ಹಿಡಿಯಬಲ್ಲ ಯಂತ್ರಕ್ಕೆ ರಬ್ಬರ್ ಗಾಲಿ ಹಾಕಿದರೆ ರಬ್ಬರ್ ಅದುಮುತ್ತದೆ, ಬೆಲ್ಟಿನ ಜೋಡಣೆ ಬಂದಾಗಲೆಲ್ಲ ಟಕ್ ಎನ್ನುತ್ತದೆ, ಆ ಅಳತೆ ಮಣ್ಣುಪಾಲಾಗುತ್ತದೆ ಎನ್ನುತ್ತಾರೆ. ನಿಜ. ಡೈ ಮಾಡುವವರು, ಗೇಜ್ ಮಾಡುವವರು ನನ್ನ ದಾರಿ ಹಿಡಿಯಬಾರದು. ಆದರೆ ನಾನು ಮಾಡುವುದು ಉಳ್ಳಾಗಡ್ಡಿ ಹೆಚ್ಚುವ ಚಾಕು, ಮೋಚಿಯ ರಂಪಿಗೆ. ಮೂರು ಮಿ.ಮೀ. ದಪ್ಪದ ಅಲಗಿನಲ್ಲಿ ನೂರರ ಎರಡು ಮೂರು ಭಾಗ ಹೆಚ್ಚುಕಡಿಮೆಯಾದರೆ ಉಳ್ಳಾಗಡ್ಡಿಗೂ ಗೊತ್ತಾಗದು, ಹೆಚ್ಚುವ ಅವ್ವನಿಗೂ ಗೊತ್ತಾಗದು. ಗೊತ್ತಾಗುವುದು ಹಿಡಿ ಕೂರಿಸುವಾಗ. ಹಿಡಿಯೊಳಗೆ ಹೋಗುವ ಬಾಲ ಡೊಂಕಿದ್ದರೆ ಕಟ್ಟಿಗೆಗೂ ಕಬ್ಬಿಣಕ್ಕೂ ನಡುವೆ ಸಂದು ಉಳಿಯುತ್ತದೆ, ಅದರಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದೆ. ಅದಕ್ಕೆ ಬೇಕಾದಷ್ಟು ಸಮತಟ್ಟನ್ನು ಬೆಲ್ಟ್ ಕೊಡುತ್ತದೆ. ನೆಟ್ಟಗೆ ನಿಂತ ಸಾದಾ ಬೆಲ್ಟ್ ಗ್ರೈಂಡರಿನಲ್ಲಿ ಕೈಯಲ್ಲಿ ಹಿಡಿದು ಇದನ್ನು ಸಾಧಿಸಬಹುದಲ್ಲ ಎಂದವರೂ ಇದ್ದಾರೆ. ಅವರ ಕೈ ನನಗಿಲ್ಲ.

ಇನ್ನು ಸ್ಪಿಂಡಲಿನ ಬೇರಿಂಗ್ ಮಾತು. ಬೆಲ್ಟಿನ ಬಿಗಿತ ಸದಾ ಎಳೆಯುತ್ತಿದ್ದರೆ ಬೇರಿಂಗ್ ಹೋಗುತ್ತದೆ ಎಂಬುದು ಮಾಸ್ತರರ ಭಯ. ಎಳೆತ ಯಾವ ಕಡೆಗೆ ಎಂದು ನೋಡಬೇಕು. ಸಣ್ಣ ಗಾಲಿ ನೇರ ಮೇಲಿದೆ, ಹಾಗಾಗಿ ಎಳೆತ ಮೇಲಕ್ಕೆ. ಅಲಗು ಉಜ್ಜುವಾಗ ಕೆಳಗಿನಿಂದ ಬರುವ ಒತ್ತಡವೂ ಮೇಲಕ್ಕೇ. ಎರಡೂ ಒಂದೇ ದಿಕ್ಕಿನವಾದ್ದರಿಂದ ಹಳೆಯ ಬೇರಿಂಗಿನ ಸಡಿಲು ಒಂದೇ ಮಗ್ಗುಲಿಗೆ ಕೂತುಬಿಡುತ್ತದೆ, ಅತ್ತಿತ್ತ ಕುಣಿಯುವುದಿಲ್ಲ. ಬಿಗಿತ ಮಾತ್ರ ಬೆಲ್ಟ್ ಜಾರದಷ್ಟೇ ಇರಬೇಕು. ಗಾಲಿಯ ಅಗಲದಲ್ಲಿ ಎಚ್ಚರ ಬೇಕೆಂದು ಅವರು ಹೇಳಿದ್ದನ್ನು ಒಪ್ಪುತ್ತೇನೆ. 20 ಮಿ.ಮೀ. ಕಲ್ಲಿಗಾಗಿ ಹುಟ್ಟಿದ ಸ್ಪಿಂಡಲಿಗೆ 50 ಮಿ.ಮೀ. ಗಾಲಿ ನೇತುಹಾಕಬಾರದು. ನಾನು 50ರ ಬೆಲ್ಟನ್ನು ಉದ್ದಕ್ಕೆ ಸೀಳಿ 25 ಮಾಡಿಕೊಂಡಿದ್ದೇನೆ. ಒಂದು ಹಾರ್ಸ್‌ಪವರ್ ಮೋಟಾರಿಗೆ ಅದೇ ಸಾಕು.

ಅಂದಹಾಗೆ ಯಂತ್ರ "ಛಲೋ" ಇತ್ತು ಎಂಬುದೇ ತಪ್ಪು. ಗುಜರಿಯವನು ತೂಕಕ್ಕೆ ಹಾಕಿದ್ದ.

ಇನ್ನು ಮುಖ್ಯ ವಿಷಯ, ಕಾವು. ಮಾಸ್ತರರೂ ಕಾಕಾನೂ ಇಲ್ಲಿ ಒಂದಾಗಿದ್ದಾರೆ. "ಕಲ್ಲಿಗೆ ಏನ ಕಡಿಮಿ ಆಗಿತ್ತು? ಮೆತ್ತನ್ನ ಕಲ್ಲು ಹಾಕ್ರಿ, ನೀರ ಬಿಡ್ರಿ, ವಜ್ರದ ಮೊನೀಲೆ ಆಗಾಗ ಕಲ್ಲಿನ ಮೈ ಬಿಡಸ್ರಿ" ಎನ್ನುತ್ತಾರೆ. ಹಿಂದೆ ನಾನು ಬರೆದದ್ದು ಹೀಗಿತ್ತು: ಕಲ್ಲಿನ ಸುತ್ತಳತೆ 628 ಮಿ.ಮೀ., ಅದರ ಪ್ರತಿ ಹರಳು ಸೆಕೆಂಡಿಗೆ ಸುಮಾರು 47 ಸಲ ಅಲಗನ್ನು ಮುಟ್ಟುತ್ತದೆ. ಬೆಲ್ಟಿನ ಹರಳು ಅದೇ ವೇಗದಲ್ಲಿ 16 ಸಲ ಮುಟ್ಟಿ, ಉಳಿದ ಹೊತ್ತು ಗಾಳಿಯಲ್ಲಿ ತಣ್ಣಗಾಗುತ್ತದೆ. ಆದ್ದರಿಂದ ಅಲಗು ತಂಪಾಗಿರುತ್ತದೆ. ಮಾಸ್ತರರು ಇದನ್ನು ಹಿಡಿದು ಎಳೆದಿದ್ದಾರೆ: "ತಣ್ಣಗಾಗೋದು ಹರಳು, ಅಲಗಲ್ಲ. ಅಲಗಿನ ಮ್ಯಾಲೆ ಒಂದರ ಹಿಂದ ಒಂದು ಹರಳು ಬರೋದು ಎರಡರೊಳಗೂ ಅಷ್ಟ." ಅವರು ಹೇಳಿದ್ದು ಸರಿ, ನನ್ನ ಲೆಕ್ಕ ಅರ್ಧ ಮಾತ್ರ ಸರಿ. ಇಷ್ಟಾದರೂ ನನ್ನ ಅಲಗು ತಂಪಾಗಿರುವುದು ಸುಳ್ಳಲ್ಲ. ಕಾರಣ ಬೇರೆ ಇದೆ.

ಕಾವು ಹುಟ್ಟಿಸುವುದು ಕೊಯ್ಯುವ ಹರಳಲ್ಲ, ಉಜ್ಜುವ ಹರಳು. ಮೊನೆ ಚೂಪಿದ್ದಾಗ ಅದು ಲೋಹವನ್ನು ಸಿಪ್ಪೆಯಾಗಿ ತೆಗೆಯುತ್ತದೆ, ಕಾವಿನ ಬಹುಪಾಲು ಕಿಡಿಯ ಜೊತೆ ಹಾರಿಹೋಗುತ್ತದೆ. ಮೊನೆ ಸವೆದ ಮೇಲೆ ಅದೇ ಹರಳು ಬರೀ ತಿಕ್ಕುತ್ತದೆ, ಕಾವು ಅಲಗಿನೊಳಗೆ ಇಳಿಯುತ್ತದೆ. ಗಟ್ಟಿ ಬಂಧದ ಕಲ್ಲು ಸವೆದ ಹರಳನ್ನು ಬೇಗ ಬಿಟ್ಟುಕೊಡದು. ಅದರ ರಂಧ್ರಗಳಲ್ಲಿ ಲೋಹದ ಪುಡಿ ತುಂಬಿ ಮೈ ಗಾಜಿನ ಹಾಗೆ ಹೊಳೆಯತೊಡಗುತ್ತದೆ. ಮೈ ಬಿಡಿಸಿಕೊಂಡರೆ ಸರಿಹೋಗುತ್ತದೆ, ನಿಜ. ಬಿಡಿಸಬೇಕಾದ ಹೊತ್ತು ಯಾವುದೆಂದು ನನ್ನಂಥವನಿಗೆ ಗೊತ್ತಾಗುವುದು ಅಲಗು ಬಣ್ಣ ತಿರುಗಿದ ಮೇಲೆ. ಆಗ ಕೆಲಸ ಕೆಟ್ಟಾಗಿರುತ್ತದೆ. ಹೆದ್ದಾರಿ 50ರ ಗ್ಯಾರೇಜುಗಳಲ್ಲಿ ಸಿಗುವ ಲಾರಿಯ ಕಮಾನು ಪಟ್ಟಿಯನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹದ ಕೊಟ್ಟಿರುತ್ತೇವೆ. ಸಾಣೆಯಡಿ ಅದು ಜೋಳದ ದಂಟಿನ ಹಳದಿಗೆ ತಿರುಗಿತೆಂದರೆ 220 ದಾಟಿತು. ನೀಲಿ ಬಂದಿತೆಂದರೆ 300ರ ಹತ್ತಿರ ಹೋಯಿತು, ಕೊಟ್ಟ ಹದ ಆ ಜಾಗದಲ್ಲಿ ಹೋಯಿತು. ನೀಲಿಯನ್ನು ಉಜ್ಜಿ ತೆಗೆದರೆ ಬಣ್ಣ ಹೋಗುತ್ತದೆ, ಮೆತ್ತಗಾದ ಲೋಹ ಅಲ್ಲೇ ಇರುತ್ತದೆ. ಬೆಲ್ಟಿನಲ್ಲಿ ಹರಳುಗಳನ್ನು ಮೊನೆ ಮೇಲೆ ಬರುವಂತೆ ನಿಲ್ಲಿಸಿ ಅಂಟಿಸಿರುತ್ತಾರೆ. ಮೊಂಡಾಯಿತೆಂದು ಕಿಡಿ ಬಡವಾದಾಗಲೇ ಗೊತ್ತಾಗುತ್ತದೆ. ತೋಳು ಅದುಮಿ, ಬೆಲ್ಟ್ ಕಳಚಿ, ಹೊಸದು ಏರಿಸಿದರಾಯಿತು.

ಕಾಕಾನಿಗೆ ಇಲ್ಲಿ ಒಂದು ಮಾತು ನೆನಪಿಸಬೇಕು. ಕಲ್ಲು ನಮ್ಮದು, ಬೆಲ್ಟ್ ಪರದೇಶದ್ದು ಎಂಬಂತೆ ಮಾತಾಡಿದ್ದೀರಿ. ಈಗ ನಿಮ್ಮ ಕುಲುಮೆಯ ಮಗ್ಗುಲಲ್ಲಿ ಮೋಟಾರಿಗೆ ಕೂತಿರುವ ಕಲ್ಲು ಕಾರ್ಖಾನೆಯ ಭಟ್ಟಿಯಲ್ಲಿ ಸುಟ್ಟದ್ದು, ಅದೂ ಹೊರಗಿನಿಂದ ಬಂದದ್ದೇ. ನಮ್ಮ ಹಿರಿಯರ ಸಾಣೆ ಬೇರೆ ಇತ್ತು. ಕುರಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಬಿಲ್ಲೆ ಮಾಡುತ್ತಿದ್ದರು. ಒಬ್ಬ ಅಚ್ಚಿಗೆ ಸುತ್ತಿದ ಚರ್ಮದ ಪಟ್ಟಿಯನ್ನು ಅತ್ತ ಒಮ್ಮೆ, ಇತ್ತ ಒಮ್ಮೆ ಎಳೆಯುತ್ತಿದ್ದರೆ, ಇನ್ನೊಬ್ಬ ಅಲಗು ಒಡ್ಡುತ್ತಿದ್ದ. ಜಗತ್ತೆಲ್ಲ ಬಳಸುವ ಕೊರಂಡಮ್ ಎಂಬ ಹೆಸರು ದಕ್ಷಿಣದ ಈ ಕುರಂದದಿಂದಲೇ ಹೋದದ್ದು. ಆ ಸಾಣೆಯ ಜಾಣತನ ಅರಗಿನಲ್ಲಿತ್ತು. ಅರಗು ಸುಮಾರು 75 ಡಿಗ್ರಿಗೇ ಮೆತ್ತಗಾಗುತ್ತದೆ. ಹರಳು ಮೊಂಡಾಗಿ ತಿಕ್ಕತೊಡಗಿ ಕಾವೇರಿದರೆ ಅರಗು ಸಡಿಲಿ ಆ ಹರಳನ್ನು ಉದುರಿಸುತ್ತಿತ್ತು, ಒಳಗಿನ ಚೂಪು ಹರಳು ಮುಂದೆ ಬರುತ್ತಿತ್ತು. ಅಲಗಿನ ಹದ ಕೆಡುವ ಮೊದಲೇ ಸಾಣೆ ತಾನು ಸೋಲುತ್ತಿತ್ತು. ಈಗಲೂ ಗಟ್ಟಿ ಉಕ್ಕನ್ನು ಸುಡದೆ ಉಜ್ಜಬೇಕಾದ ಕಡೆ ಅರಗಿನ ಬಂಧದ ಕಲ್ಲುಗಳನ್ನು ಬಳಸುತ್ತಾರೆ. ಭಟ್ಟಿಯ ಕಲ್ಲಿಗೆ ಈ ಗುಣವಿಲ್ಲ. ಮೊಂಡಾದದ್ದನ್ನು ಬಿಟ್ಟುಕೊಡುವ ವಿಷಯದಲ್ಲಿ ಅಜ್ಜನ ಸಾಣೆಗೆ ನನ್ನ ಬೆಲ್ಟ್ ಹತ್ತಿರ, ನಿಮ್ಮ ಕಲ್ಲು ದೂರ. ಬೆಲ್ಟಿನ ಮೇಲಿರುವುದೂ ಅದೇ ಕುರಂದದ ವಸ್ತುವೇ, ಗಣಿಯ ಬದಲು ಕುಲುಮೆಯಲ್ಲಿ ಹುಟ್ಟಿದೆ ಅಷ್ಟೇ.

"ಬಡಿಗಿ, ಕಮ್ಮಾರರ ಕೈ ಕಸಬು ಮಷೀನಿಗೆ ಬಿಟ್ಟುಕೊಡಾಕತ್ತೀರಿ" ಎಂಬ ನಿಮ್ಮ ಇನ್ನೊಂದು ಮಾತಿಗೆ ಉದ್ದ ಉತ್ತರ ಬೇಡ. ಕುಡುಗೋಲು, ಕೊಡಲಿ, ಮುಧೋಳ ಜಮಖಂಡಿ ಕಡೆ ಕಬ್ಬು ಕಡಿಯುವ ಕೊಯತಾ ಇವು ಅಡಿಗಲ್ಲಿನ ಮೇಲೆಯೇ ಆಗಬೇಕು. ಬಾಗಿದ ಅಲಗು ಈ ಮೇಜಿನ ಮೇಲೆ ಕೂರುವುದೇ ಇಲ್ಲ. ಐಹೊಳೆಯಲ್ಲಿ ಪರಶುರಾಮ ಕೊಡಲಿ ತೊಳೆದದ್ದನ್ನು ಊರೆಲ್ಲ ಹೇಳುತ್ತದೆ, ಅದನ್ನು ಬಡಿದು ಹದ ಮಾಡಿಕೊಟ್ಟವನ ಹೆಸರನ್ನು ಯಾರೂ ಹೇಳುವುದಿಲ್ಲ. ನಿಮ್ಮ ಸಿಟ್ಟಿಗೆ ಅದೇ ಮೂಲ ಎಂದು ನನಗೆ ಗೊತ್ತು. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ಸೋಕಿದರೆ ಹೊಲಕ್ಕೆ ವಿಷವಾಗುತ್ತದೆಂದು ರೈತರು ಹಿಂಜರಿದರಂತೆ. 1910ರಲ್ಲಿ ಅವರು ಕಿರ್ಲೋಸ್ಕರವಾಡಿಗೆ ಹೋದರು. ನೇಗಿಲು ನಮ್ಮ ಎರೆ ಹೊಲಕ್ಕೂ ಬಂತು. ಅದರ ಕುಳ ಬಡಿಯಲು ರೈತ ಬಂದದ್ದು ಕಮ್ಮಾರನ ಬಾಗಿಲಿಗೇ.

ಬಾದಾಮಿಯ ಕಲ್ಲಿನ ಮೇಲೆ ಮಸೆದರೆ ಸಾಕಾಗಿತ್ತಲ್ಲ ಎಂದೂ ಕೇಳಿದ್ದೀರಿ. ಕೈಯಲ್ಲಿ, ನೀರು ಹಾಕಿ ಮಸೆಯಲು ಅದಕ್ಕಿಂತ ಒಳ್ಳೆಯದಿಲ್ಲ, ನಾನೂ ಮಸೆಯುತ್ತೇನೆ. ಆದರೆ ಅದೇ ಮರಳುಗಲ್ಲನ್ನು ಗಾಲಿ ಮಾಡಿ ಒಣದಾಗಿ ತಿರುಗಿಸುವ ಆಸೆ ಯಾರಿಗೂ ಬೇಡ. 19ನೆಯ ಶತಮಾನದ ಶೆಫೀಲ್ಡಿನಲ್ಲಿ ಮರಳುಗಲ್ಲಿನ ಗಾಲಿಯ ಮೇಲೆ ಒಣಸಾಣೆ ಹಿಡಿದು ಊಟದ ಫೋರ್ಕ್ ಮಾಡುತ್ತಿದ್ದವರು ಎದೆ ಕಟ್ಟಿ, ಮೂವತ್ತರ ಆಸುಪಾಸಿನಲ್ಲೇ ಸಾಯುತ್ತಿದ್ದರು. ಮರಳುಗಲ್ಲಿನ ದೂಳು ಎಂದರೆ ಸಿಲಿಕಾ.

ಇದರಿಂದ ಇಳಕಲ್ಲಿನ ಸೂಪರ್‌ವೈಜರ್ ಸಾಹೇಬರ ಪತ್ರಕ್ಕೆ ಬರುತ್ತೇನೆ. ಮೂವರಲ್ಲಿ ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಅವರು. ಕೆಂಪು ಗ್ರಾನೈಟಿನ ದೂಳಿನಲ್ಲಿ ಬದುಕಿದವರು, ಸಿಲಿಕೋಸಿಸ್ ಎಂಬ ಪದವನ್ನು 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಓದಿ ತಿಳಿದವರಲ್ಲ, ಕಣ್ಣಿಂದ ಕಂಡವರು. ಅವರ ಪ್ರಶ್ನೆ ಮೂರು: ಕಲ್ಲಿನ ಉಕ್ಕಿನ ಗಾರ್ಡ್ ಬಿಚ್ಚಿದಿರಿ, ಈಗೇನಿದೆ? ಬೆಲ್ಟ್ ಹರಿದರೆ? ದೂಳು ಎಲ್ಲಿಗೆ ಹೋಗುತ್ತದೆ?

ಹರಿಯುವುದಕ್ಕೆ ಉತ್ತರ ಸುಲಭ. ಕಲ್ಲು ಸಿಡಿದರೆ ಚೂರು ಗುಂಡಿನ ಹಾಗೆ ಬರುತ್ತದೆ. ಬೆಲ್ಟ್ ಹರಿದರೆ ಚಾಟಿಯ ಹಾಗೆ ಬೀಸುತ್ತದೆ. ಚಾಟಿಯೇಟು ಗುಂಡಿನೇಟಿಗಿಂತ ಹಗುರ ಎನ್ನುವುದು ಸಮಾಧಾನ ಹೇಳುವ ಮಾತಲ್ಲ, ಗೊತ್ತು. ವೇಗದ ಬಗ್ಗೆ ಅವರು ಎಚ್ಚರಿಸಿದ್ದನ್ನು ಎಲ್ಲರೂ ಓದಬೇಕು: 200ರ ಬದಲು 250 ಮಿ.ಮೀ. ಗಾಲಿ ಹಾಕಿದರೆ ಬೆಲ್ಟಿನ ವೇಗ ಸೆಕೆಂಡಿಗೆ 29 ಮೀಟರಿನಿಂದ ಸುಮಾರು 37ಕ್ಕೆ ಏರುತ್ತದೆ. ಹೆಚ್ಚು ಕೊಯ್ಯುತ್ತದೆಂದು ದೊಡ್ಡ ಗಾಲಿ ಹಾಕುವವರು ಬೆಲ್ಟಿನ ಬೆನ್ನ ಮೇಲೆ ಛಾಪಿಸಿದ್ದನ್ನು ನೋಡಿಯೇ ಹಾಕಲಿ.

ದೂಳಿನ ಮಾತಿನಲ್ಲಿ ನಾನು ಪೂರ್ತಿ ಸೋತಿದ್ದೇನೆ. ನನ್ನ ಬೆಲ್ಟಿನಲ್ಲಿ ಮರಳಿಲ್ಲ, ಸಿಲಿಕಾದ ಭಯ ಅಷ್ಟಿಲ್ಲ ಎಂದು ವಾದಿಸಬಹುದಿತ್ತು. ಆದರೆ ಉಕ್ಕಿನ ಪುಡಿ ಶ್ವಾಸಕ್ಕೆ ಒಳ್ಳೆಯದೆಂದು ಯಾರೂ ಹೇಳಿಲ್ಲ. ಕಲ್ಲಿನ ಕಿಡಿ ಒಂದೇ ದಿಕ್ಕಿಗೆ ಹಾರಿದರೆ, ಬೆಲ್ಟ್ ಕಿಡಿ ಪುಡಿಗಳನ್ನು ತನ್ನ ಜೊತೆ ಮೇಲಕ್ಕೆ ಒಯ್ದು ಸಣ್ಣ ಗಾಲಿಯ ಸುತ್ತ ಎಲ್ಲ ಕಡೆ ಎರಚುತ್ತದೆ. ಅದು ಮೇಜಿನ ಜಾರುದಾರಿಗೂ ಬೀಳುತ್ತದೆ. ಲಾರಿ ಟ್ಯೂಬ್ ಸೀಳಿ ಎರಡೂ ಕಡೆ ಹೊದಿಸಿದ್ದೇನೆ, ಮುಖಕ್ಕೆ ಮಾಸ್ಕ್ ಹಾಕುತ್ತೇನೆ. ಅಷ್ಟು ಸಾಲದು. ದೂಳೆಳೆಯುವ ಫ್ಯಾನ್ ಬೇಕು, ಅದರ ಕೊಳವೆಗೆ ಹಿಡಿಯ ಕಟ್ಟಿಗೆ ಪುಡಿ ಸೇರಬಾರದು. ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ.

ಖರ್ಚಿನ ಬಗ್ಗೆ ಬರೆದವರಿಗೆ: ಹೌದು, ಬೆಲ್ಟ್ ದುಬಾರಿ. ಒಂದು ಕಲ್ಲು ತಿಂಗಳುಗಟ್ಟಲೆ ಬರುತ್ತದೆ, ಬೆಲ್ಟ್ ಕೆಲವೇ ಅಲಗುಗಳಿಗೆ ಮುಗಿಯುತ್ತದೆ. ವರ್ಷಕ್ಕೆ ಹತ್ತು ಚಾಕು ಮಾಡುವವರು ಇದರ ಗೊಡವೆಗೆ ಬರಬೇಡಿ, ಅರ ಹಿಡಿದು ಉಜ್ಜಿ.

ಇನ್ನು "ಹಾಳು ಮಾಡಿದಿರಿ" ಎಂಬ ಮೂಲ ಆರೋಪ. ಮಾಸ್ತರರೇ, ನಾನು ಯಂತ್ರದ ಮೈಗೆ ಒಂದು ತೂತೂ ಕೊರೆದಿಲ್ಲ. ಸಣ್ಣ ಗಾಲಿಯ ತೋಳು ನಿಂತಿರುವುದು ಹಳೆಯ ಗಾರ್ಡಿನ ಬೋಲ್ಟುಗಳ ಮೇಲೆಯೇ. ಕಲ್ಲು ತನ್ನ ಹಬ್ಬಿನ ಸಮೇತ ಶೆಡ್ಡಿನ ಗೂಡಿನಲ್ಲಿ ಹಳೆ ಟವೆಲಿನಲ್ಲಿ ಸುತ್ತಿಟ್ಟಿದೆ. ಅರ್ಧ ತಾಸಿನಲ್ಲಿ ಬೆಲ್ಟ್ ಇಳಿಸಿ ಕಲ್ಲು ಏರಿಸಬಹುದು. ಏರಿಸುವ ಮುನ್ನ ಅದನ್ನು ಬಡಿದು ನಾದ ಕೇಳಬೇಕೆಂದು ನೀವು ಹೇಳಿದ್ದು ನೆನಪಿದೆ.

ಸೂಪರ್‌ವೈಜರ್ ಸಾಹೇಬರಲ್ಲಿ ಒಂದು ಕೇಳಿಕೆ. ಗಾರ್ಡಿಲ್ಲದೆ ಓಡಿಸಬೇಡಿ ಎಂದಿದ್ದೀರಿ. ಪತ್ರ ಬಂದ ದಿನದಿಂದ ಓಡಿಸಿಲ್ಲ. ಎರಡು ಮಿ.ಮೀ. ತಗಡು ತಂದಿಟ್ಟಿದ್ದೇನೆ. ಕೆಳಗಿನ ಗಾಲಿಗೆ ಅರ್ಧ ಸುತ್ತು, ಮೇಲೆ ಬೆಲ್ಟಿನ ಎರಡೂ ಎಳೆಗೆ ಪೆಟ್ಟಿಗೆ, ಹಿಂದೆ ದೂಳಿನ ಕೊಳವೆಗೆ ಬಾಯಿ ಎಂದು ಗೆರೆ ಎಳೆದಿದ್ದೇನೆ. ಆ ಬಾಯಿ ಎಷ್ಟು ಅಗಲವಿರಬೇಕು, ಬೆಲ್ಟಿಗೆ ಎಷ್ಟು ಹತ್ತಿರವಿರಬೇಕು ಎಂಬುದನ್ನು ನೀವು ಬಂದು ಗುರುತು ಹಾಕಿಕೊಟ್ಟರೆ ಅವತ್ತೇ ತಗಡು ಕತ್ತರಿಸುತ್ತೇನೆ.