ಫ್ಲ್ಯಾಟ್ ಕೆಳಗಿನ ಮಣ್ಣಿನ ಪೂರ್ವಾಪರ ಯಾರು ವಿಚಾರಿಸುತ್ತಾರೆ?

ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟವರು ವಕೀಲರ ಮುಂದಿಡುವ ಫೈಲಿನಲ್ಲಿ ಏನೇನಿರುತ್ತದೆ? ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ (ಇ.ಸಿ.), ಮೂಲಪತ್ರ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಖಾತಾ, ರೇರಾ ನೋಂದಣಿ ಸಂಖ್ಯೆ. ಜಾಗ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ಇಷ್ಟೊಂದು ಕಾಗದ. ಆ ಜಾಗದಲ್ಲಿ ಹಿಂದೆ ಏನು ನಡೆಯುತ್ತಿತ್ತು, ಯಾವ ಎಣ್ಣೆ ಸೋರಿತ್ತು, ತಗ್ಗು ತುಂಬಿಸಲು ಎಲ್ಲಿಯ ಮಣ್ಣು ಬಂತು ಎಂಬುದಕ್ಕೆ ಮಾತ್ರ ಒಂದು ಹಾಳೆಯೂ ಇರುವುದಿಲ್ಲ. ಕೇಳುವವರೂ ಇಲ್ಲ.

ಬೆಂಗಳೂರಿನ ಪೂರ್ವ ಭಾಗದಲ್ಲಿ ಈ ಪ್ರಶ್ನೆ ಕೇಳಲೇಬೇಕಾದ ಕಾರಣವಿದೆ. ಹಳೆ ಮದ್ರಾಸ್ ರಸ್ತೆಯ ಆಸುಪಾಸು ಸ್ವಾತಂತ್ರ್ಯಾನಂತರದ ಸಾರ್ವಜನಿಕ ಉದ್ದಿಮೆಗಳ ನೆಲೆ. 1948ರಲ್ಲಿ ದೂರವಾಣಿ ಯಂತ್ರ ತಯಾರಿಸುವ ಐಟಿಐ ಕಾರ್ಖಾನೆ ಬಂತು, ಅದರ ಸುತ್ತ ದೂರವಾಣಿ ನಗರ ಬೆಳೆಯಿತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ದಶಕಗಳ ಕಾಲ ಟ್ರಾನ್ಸ್‌ಫಾರ್ಮರ್, ಮೋಟಾರು ತಯಾರಿಸಿ 2002ರಲ್ಲಿ ಬಾಗಿಲು ಹಾಕಿತು. ಇಲ್ಲಿನ ನಿಲ್ದಾಣವೊಂದನ್ನು ಬಸ್ ಕಂಡಕ್ಟರ್ ಇಂದಿಗೂ ಕೂಗುವುದು ‘ಟಿನ್ ಫ್ಯಾಕ್ಟರಿ’ ಎಂದೇ. ದೊಡ್ಡ ಕಾರ್ಖಾನೆ ಇದ್ದಲ್ಲಿ ಅದನ್ನು ನಂಬಿ ಲೇತ್ ಶೆಡ್ಡು, ಪೇಂಟ್ ಶೆಡ್ಡು, ಗ್ಯಾರೇಜು, ಹಳೆ ಬ್ಯಾಟರಿ ಒಡೆಯುವ ಗುಜರಿ ಅಂಗಡಿ ಹುಟ್ಟಿಕೊಳ್ಳುವುದು ಸಾಮಾನ್ಯ. ಈ ಭಾಗದ ಕೆ.ಆರ್. ಪುರ ನಗರಸಭೆ 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ಹೊಲ, ಶೆಡ್ಡು, ಖಾಲಿ ಸೈಟುಗಳೆಲ್ಲ ಅಪಾರ್ಟ್‌ಮೆಂಟ್‌ಗಳಾದವು.

ಹಾಗೆಂದು ಈ ಭಾಗದ ನೆಲವೆಲ್ಲ ವಿಷ ಎಂದಲ್ಲ. ಹಳೆಯ ಕಾರ್ಖಾನೆ ಇತ್ತು ಎಂದ ಮಾತ್ರಕ್ಕೆ ಅದರ ಅಂಗಳ ಕಲುಷಿತವಾಗಿದೆ ಎನ್ನಲು ಬರುವುದಿಲ್ಲ. ಪರೀಕ್ಷೆ ಮಾಡಿಸದೆ ‘ಇದೆ’ ಎನ್ನುವುದೂ ತಪ್ಪು, ‘ಇಲ್ಲ’ ಎನ್ನುವುದೂ ತಪ್ಪು. ಇದೇ ನಗರದ ಇನ್ನೊಂದು ತುದಿಯ ಪೀಣ್ಯದಲ್ಲಿ ಲೋಹಕ್ಕೆ ಲೇಪ ಕೊಡುವ ಪ್ಲೇಟಿಂಗ್ ಘಟಕಗಳಿಂದ ಹೊರಬಿದ್ದ ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮಿಯಂ ಅಂತರ್ಜಲದಲ್ಲಿ ಸಿಕ್ಕಿದೆ. ಹುಡುಕಿದ್ದರಿಂದ ಸಿಕ್ಕಿತು.

‘ನಮ್ಮ ಬಿಲ್ಡರ್ ಸಾಯಿಲ್ ಟೆಸ್ಟ್ ಮಾಡಿಸಿದ್ದಾರಲ್ಲ’ ಎಂಬುದು ಮೊದಲು ಬರುವ ಉತ್ತರ. ಮಾಡಿಸಿರುತ್ತಾರೆ, ನಿಜ. ಆದರೆ ಕಟ್ಟಡಕ್ಕಾಗಿ ಮಾಡುವ ಮಣ್ಣಿನ ಪರೀಕ್ಷೆ ಉತ್ತರಿಸುವುದು ಒಂದೇ ಪ್ರಶ್ನೆಗೆ: ಈ ನೆಲ ಎಷ್ಟು ಭಾರ ತಡೆಯುತ್ತದೆ? ಪಾಯ ಎಷ್ಟು ಆಳ ಇರಬೇಕು ಎಂದು ತೀರ್ಮಾನಿಸಲು ಎಂಜಿನಿಯರ್‌ಗೆ ಅದು ಬೇಕು. ಸೀಸ ಇದೆಯೇ, ಪಾದರಸ ಇದೆಯೇ, ಪೆಟ್ರೋಲಿನ ಅಂಶ ಇದೆಯೇ ಎಂದು ಆ ವರದಿ ನೋಡಿಯೇ ಇರುವುದಿಲ್ಲ. 20,000 ಚದರ ಮೀಟರ್ ದಾಟಿದ ಯೋಜನೆಗಳಿಗೆ ಪರಿಸರ ಅನುಮತಿ ಬೇಕಾಗುತ್ತದೆ. ಅದರ ವರದಿಯಲ್ಲಿ ಮಣ್ಣಿನ ಪಟ್ಟಿಯೊಂದು ಇರುತ್ತದಾದರೂ ಸಾರಜನಕ, ರಂಜಕ, ಪೊಟ್ಯಾಷ್ ಎಂದು ಬೆಳೆ ತೆಗೆಯುವವರಿಗೆ ಬೇಕಾದ ಲೆಕ್ಕವೇ ಅದರಲ್ಲಿ ಹೆಚ್ಚು.

ಮನೆಗಳ ಕೆಳಗೆ ವಿಷ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನೆದರ್ಲೆಂಡ್ಸ್‌ನ ಲೆಕ್ಕರ್‌ಕರ್ಕ್ ಎಂಬ ಊರಿನ ಉದಾಹರಣೆ ಇದೆ. ರಾಟರ್‌ಡ್ಯಾಮ್ ಸಮೀಪದ ಈ ಊರಲ್ಲಿ 1970ರ ದಶಕದ ಆರಂಭದಲ್ಲಿ ಹೊಸ ಬಡಾವಣೆ ಎದ್ದಿತು. ತಗ್ಗು ಕಾಲುವೆಗಳನ್ನು ತುಂಬಿಸಿದ್ದು ಕಟ್ಟಡ ತ್ಯಾಜ್ಯದಿಂದ ಮಾತ್ರವಲ್ಲ, ರಾಸಾಯನಿಕ ಡ್ರಮ್ಮುಗಳಿಂದ ಕೂಡ. ಸುಳಿವು ಸಿಕ್ಕಿದ್ದು ನೀರಿನ ಪೈಪಿನಿಂದ. ಮಣ್ಣಿನಲ್ಲಿದ್ದ ಟಾಲ್ಯೂಯೀನ್‌ನಂಥ ದ್ರಾವಕಗಳು ಪ್ಲಾಸ್ಟಿಕ್ ಪೈಪನ್ನು ಹಾಳುಗೆಡವಿ ಕುಡಿಯುವ ನೀರಿಗೇ ಸೇರಿದ್ದವು. 1980ರಲ್ಲಿ ಸುಮಾರು 270 ಮನೆಗಳ ಜನರನ್ನು ತೆರವು ಮಾಡಿಸಿ ಮನೆಗಳ ಅಡಿಯಿಂದ ಸಾವಿರಕ್ಕೂ ಹೆಚ್ಚು ಡ್ರಮ್ಮು ಹೊರತೆಗೆಯಬೇಕಾಯಿತು. ಮಣ್ಣು ಶುದ್ಧೀಕರಣಕ್ಕೆಂದೇ ಆ ದೇಶ ಕಾನೂನು ಮಾಡಿದ್ದು ಆಮೇಲೆ.

ಇಲ್ಲಿ ಗಮನಿಸಬೇಕಾದದ್ದು ದಾರಿಯನ್ನು. ಮಣ್ಣಿನಲ್ಲಿ ವಿಷ ಇರುವುದಷ್ಟೇ ಅಪಾಯವಲ್ಲ, ಅದು ಮನುಷ್ಯನ ದೇಹ ತಲುಪಲು ಒಂದು ದಾರಿ ಬೇಕು. ಅಪಾರ್ಟ್‌ಮೆಂಟ್‌ನಲ್ಲಿ ಅಂಥ ದಾರಿ ಮುಖ್ಯವಾಗಿ ನಾಲ್ಕು. ಒಂದು, ಕೈ ಮತ್ತು ಬಾಯಿ: ಆಟದ ಅಂಗಳದಲ್ಲಿ ಮಣ್ಣಾಡಿದ ಮಗು ಅದೇ ಕೈ ಬಾಯಿಗಿಡುತ್ತದೆ. ಸೀಸ ಮೇಲ್ಮಣ್ಣಿಗೆ ಅಂಟಿಕೊಂಡು ಅಲ್ಲೇ ಉಳಿಯುವುದರಿಂದ ಇದು ಮಕ್ಕಳಿಗೇ ಹೆಚ್ಚು ಕೆಟ್ಟದ್ದು. ಎರಡು, ಧೂಳು. ಮೂರು, ಆವಿ: ಪೆಟ್ರೋಲ್ ಮತ್ತು ಲೋಹದ ಜಿಡ್ಡು ತೆಗೆಯುವ ದ್ರಾವಕಗಳು ನೆಲದೊಳಗಿಂದ ಆವಿಯಾಗಿ ಬೇಸ್‌ಮೆಂಟಿನ ಬಿರುಕುಗಳಲ್ಲಿ ನುಸುಳುತ್ತವೆ. ನಾಲ್ಕು, ಬೋರ್‌ವೆಲ್. ಬೆಂಗಳೂರಿನ ಕೆಮ್ಮಣ್ಣಿನ ಕೆಳಗೆ ಶಿಥಿಲ ಕಲ್ಲು, ಅದರ ಕೆಳಗೆ ಬಿರುಕುಬಿಟ್ಟ ಗಟ್ಟಿ ಬಂಡೆ. ಬೋರ್‌ವೆಲ್ ನೀರು ಆ ಬಿರುಕುಗಳಲ್ಲಿ ಹರಿಯುವಂಥದ್ದು. ಹೆಕ್ಸಾವೇಲೆಂಟ್ ಕ್ರೋಮಿಯಂ ಸಕ್ಕರೆಯ ಹಾಗೆ ನೀರಿನಲ್ಲಿ ಕರಗಿ ಬಿರುಕು ಹಿಡಿದು ಎತ್ತಲೋ ಸಾಗುತ್ತದೆ. ಸೋರಿದ್ದು ಒಂದು ಕಾಂಪೌಂಡಿನಲ್ಲಿ, ನೀರು ಹಳದಿಗಟ್ಟುವುದು ಮತ್ತೊಂದು ಕಾಂಪೌಂಡಿನಲ್ಲಿ ಎಂಬುದು ಹೀಗೆ ಸಾಧ್ಯ.

ಹಾಗಾದರೆ ಪರೀಕ್ಷೆ ಹೇಗೆ? ಮೊದಲ ಹಂತದಲ್ಲಿ ಗುದ್ದಲಿಯೇ ಬೇಡ. ಹಳೆಯ ಉಪಗ್ರಹ ಚಿತ್ರ, ಕಂದಾಯ ನಕ್ಷೆ, ಸುತ್ತಲಿನ ಹಿರಿಯರ ನೆನಪು ಇವಿಷ್ಟರಿಂದ ಎಲ್ಲಿ ಶೆಡ್ಡಿತ್ತು, ಎಲ್ಲಿ ಪೆಟ್ರೋಲ್ ಬಂಕ್ ಇತ್ತು, ಎಲ್ಲಿ ಹೊಂಡ ತುಂಬಿಸಿದರು ಎಂದು ಗುರುತು ಹಾಕಿಕೊಳ್ಳಬಹುದು. ಎರಡನೆಯ ಹಂತದಲ್ಲಿ ಮಣ್ಣು ತೆಗೆಯಬೇಕು. ಜಾಗವನ್ನು ಚೌಕಗಳಾಗಿ ಭಾಗಿಸಿ, ಪ್ರತಿ ಚೌಕದಲ್ಲೂ ಮೇಲಿನ ಒಂದು ಗೇಣು ಆಳದ್ದು, ಅರ್ಧ ಮೀಟರಿನದ್ದು, ಒಂದು ಮೀಟರಿನದ್ದು ಎಂದು ಬೇರೆ ಬೇರೆ ಮಾದರಿ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವಾಗ ಉಪಕರಣ ತೊಳೆಯಲೇಬೇಕು. ಲೋಹದ ಪರೀಕ್ಷೆಗಾದರೆ ಪ್ಲಾಸ್ಟಿಕ್ ಚೀಲ ಸಾಕು. ಪೆಟ್ರೋಲ್ ಶಂಕೆ ಇದ್ದರೆ ಗಾಜಿನ ಜಾಡಿಗೆ ಗಾಳಿಗೆ ಎಡೆಯಿಲ್ಲದಂತೆ ಮಣ್ಣು ತುಂಬಿ, ಬಿಗಿಯಾಗಿ ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು. ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಸಾಕ್ಷ್ಯವೇ ಆವಿಯಾಗಿರುತ್ತದೆ. ಹೋಲಿಕೆಗೆಂದು ಹತ್ತಿರದ, ಯಾರೂ ಮುಟ್ಟದ ಜಾಗದ ಮಣ್ಣು ಕೂಡ ಬೇಕು. ಬಂಡೆ ಸವೆದು ಆದ ಮಣ್ಣಿನಲ್ಲಿ ಸ್ವಾಭಾವಿಕವಾಗಿಯೇ ಒಂದಿಷ್ಟು ಲೋಹ ಇರುತ್ತದಲ್ಲ, ಅದನ್ನು ಕಳೆದು ನೋಡಬೇಕು.

ಖರ್ಚು ಉಳಿಸಲು ಐದಾರು ಕಡೆಯ ಮಣ್ಣು ಒಟ್ಟಿಗೆ ಬೆರೆಸಿ ಒಂದೇ ಪರೀಕ್ಷೆ ಮಾಡಿಸುವುದುಂಟು. ಇದರ ಅಪಾಯ ಸಣ್ಣ ಲೆಕ್ಕದಲ್ಲೇ ಗೊತ್ತಾಗುತ್ತದೆ. ನಾಲ್ಕು ಕಡೆ ಕಿಲೋಗೆ 20 ಮಿಲಿಗ್ರಾಂ ಸೀಸ, ಐದನೆಯ ಕಡೆ 1,000 ಇದೆ ಎಂದುಕೊಳ್ಳಿ. ಬೆರೆಸಿದರೆ ಸರಾಸರಿ 216. ಅಮೆರಿಕದಲ್ಲಿ 1994ರಿಂದ ಬಳಕೆಯಲ್ಲಿದ್ದ 400ರ ಮಿತಿಯಲ್ಲಿ ಇದು ಪಾಸು. ಆ ಐದನೆಯ ಜಾಗವೇ ಮಕ್ಕಳ ಜಾರುಬಂಡೆ ಇರುವಲ್ಲಿದ್ದರೆ? ಆ ಮಿತಿಯನ್ನೂ ಅಮೆರಿಕ 2024ರ ಜನವರಿಯಲ್ಲಿ 200ಕ್ಕೆ ಇಳಿಸಿತು. ಕೆನಡಾ ವಸತಿ ಪ್ರದೇಶಕ್ಕೆ 140, ಕೈಗಾರಿಕಾ ಪ್ರದೇಶಕ್ಕೆ 600 ಎಂದು ಎರಡು ಅಳತೆ ಇಟ್ಟುಕೊಂಡಿದೆ. ಕಾರ್ಖಾನೆಗೆ ಸಾಕೆನಿಸಿದ ಶುದ್ಧಿ ಮನೆಗೆ ಸಾಲದು ಎಂಬುದೇ ಇದರ ತಿರುಳು. ‘ಮಿತಿಯೊಳಗಿದೆ’ ಎಂದು ವರದಿ ಬಂದಾಗ ‘ಯಾರ ಮಿತಿ, ಯಾವ ಬಳಕೆಗೆ?’ ಎಂದು ಕೇಳಬೇಕು.

ವಿಷ ಇದೆ ಎಂದಾದರೆ ಜನರ ಬಾಯಲ್ಲಿ ಬರುವ ಮೊದಲ ಪರಿಹಾರ ಜೆಸಿಬಿ. ಅಗೆದು ಹೊರಗೆ ಹಾಕಿಬಿಡಿ! ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಒಂದೇ ಮೀಟರ್ ಅಗೆದರೂ ಏಳು ಸಾವಿರ ಟನ್ನಿನಷ್ಟು ಮಣ್ಣು. ಹದಿನಾರು ಟನ್ನಿನ ಟಿಪ್ಪರ್‌ಗೆ ನಾನೂರು ಚಿಲ್ಲರೆ ಲೋಡು. ಅದೂ ಖಾಲಿ ಜಾಗದಲ್ಲಿ. ಜನ ವಾಸಿಸುತ್ತಿರುವ ಕಟ್ಟಡದ ಪಾಯದ ಬುಡ ಅಗೆಯಲು ಸಾಧ್ಯವಿಲ್ಲ. ಹೊರತೆಗೆದ ಮಣ್ಣು ಎಲ್ಲಿಗೆ ಹೋಗಬೇಕು? ಅಪಾಯಕಾರಿ ಎಂದು ಸಾಬೀತಾದ ಮಣ್ಣು ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ವಿಲೇವಾರಿ ಘಟಕಕ್ಕೇ, ದಾಖಲೆ ಸಮೇತ ಹೋಗಬೇಕು. ಗುತ್ತಿಗೆದಾರ ‘ನಾನು ನೋಡ್ಕೋತೀನಿ ಸಾರ್’ ಎಂದರೆ ಅದು ಇನ್ನಾವುದೋ ಬಡಾವಣೆಯ ತಗ್ಗು ಸೈಟಿಗೆ ಫಿಲ್ಲಿಂಗ್ ಮಣ್ಣಾಗಿ ಹೋಗಿರುತ್ತದೆ. ಊರಿನ ಕಸವನ್ನು ಬೇರೆಯವರ ಹಿತ್ತಲಿಗೆ ಸುರಿದರೆ ಏನಾಗುತ್ತದೆ ಎಂಬುದನ್ನು ನಗರದ ಪೂರ್ವ ದಿಕ್ಕಿನ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದು ಇಡೀ ನಗರಕ್ಕೆ ತಿಳಿಸಿದ್ದಾರೆ. ಸಾಗಿಸುವುದು ಬೇರೆ, ಶುದ್ಧೀಕರಿಸುವುದು ಬೇರೆ.

ಆದ್ದರಿಂದ ಯಾವ ವಿಷ ಎಂಬುದರ ಮೇಲೆ ಮದ್ದು ನಿಂತಿದೆ. ಡೀಸೆಲ್, ಪೆಟ್ರೋಲ್ ಆದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿವೆ. ದೆಹಲಿಯ ಟೆರಿ ಸಂಸ್ಥೆ ಇಂಥ ಜೀವಿಗಳ ಮಿಶ್ರಣವನ್ನು ‘ಆಯಿಲ್‌ಜ್ಯಾಪರ್’ ಎಂಬ ಹೆಸರಿನಲ್ಲಿ ತಯಾರಿಸಿದೆ. ಮಣ್ಣನ್ನು ಹರಡಿ, ತೇವ ಮತ್ತು ಗೊಬ್ಬರ ಕೊಟ್ಟು, ಗಾಳಿಯಾಡಲು ಆಗಾಗ ತಿರುವಿಹಾಕುತ್ತಾ ತಿಂಗಳುಗಟ್ಟಲೆ ಕಾಯಬೇಕು. ಆವಿಯಾಗುವ ದ್ರಾವಕವಾದರೆ ನೆಲದಲ್ಲಿ ಕೊಳವೆ ಇಳಿಸಿ, ಆವಿಯನ್ನು ಹೀರಿ, ಇದ್ದಿಲಿನ ಮೂಲಕ ಹಾಯಿಸುತ್ತಾರೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಆದರೆ ಫೆರಸ್ ಸಲ್ಫೇಟ್‌ನಂಥ ರಾಸಾಯನಿಕವನ್ನು ನೆಲದೊಳಕ್ಕೆ ಬಿಟ್ಟು, ಹೆಚ್ಚು ಕರಗದ, ವಿಷ ಕಡಿಮೆಯ ಟ್ರೈವೇಲೆಂಟ್ ರೂಪಕ್ಕೆ ತಿರುಗಿಸಬಹುದು. ಸೀಸವನ್ನು ಯಾವ ಜೀವಿಯೂ ತಿಂದು ಮುಗಿಸಲಾರದು. ಮೇಲ್ಪದರ ತೆಗೆದು, ಉಳಿದದ್ದಕ್ಕೆ ಫಾಸ್ಫೇಟ್ ಬೆರೆಸಿ ಕಟ್ಟಿಹಾಕಿ, ಮೇಲೆ ಗುರುತಿನ ಬಟ್ಟೆ ಹಾಸಿ ಒಳ್ಳೆ ಮಣ್ಣು ಹೊದಿಸುವುದೇ ರೂಢಿ. ಗಿಡ ನೆಟ್ಟು ಲೋಹ ಹೀರಿಸುವ ವಿಧಾನ ಕೇಳಲು ಚೆಂದ. ಆದರೆ ಅದು ವರ್ಷಗಟ್ಟಲೆ ಹಿಡಿಯುತ್ತದೆ, ಕಿತ್ತ ಗಿಡವೂ ಆಮೇಲೆ ವಿಷವೇ.

ಜನ ವಾಸವಿರುವ ಕಡೆ ಎಷ್ಟೋ ಸಲ ಪ್ರಾಯೋಗಿಕವಾದದ್ದು ದಾರಿ ಕಡಿಯುವ ಉಪಾಯವೇ. ಆಟದ ಅಂಗಳಕ್ಕೆ ಹೊಸ ಮಣ್ಣಿನ ಹೊದಿಕೆ, ಬೇಸ್‌ಮೆಂಟಿಗೆ ಆವಿ ತಡೆಯುವ ಹಾಳೆ ಮತ್ತು ಫ್ಯಾನು, ಆ ಬೋರ್‌ವೆಲ್‌ಗೆ ಬೀಗ. ಇದನ್ನು ‘ಮುಚ್ಚಿಹಾಕುವುದು’ ಎಂದು ಹಳಿಯಬೇಕಿಲ್ಲ. ಆದರೆ ಎಲ್ಲಿ, ಎಷ್ಟು ಆಳದಲ್ಲಿ ಏನು ಉಳಿದಿದೆ ಎಂದು ಬರೆದಿಡದೆ ಮುಚ್ಚಿದರೆ, ಹತ್ತು ವರ್ಷದ ನಂತರ ಸಂಪ್ ತೋಡಲು ಬಂದ ಕೂಲಿಯವರ ಕೈಗೆ ಅದೇ ವಿಷ ಸಿಗುತ್ತದೆ.

ಇನ್ನು ಕಾನೂನು. ಮಲಿನ ಮಾಡಿದವನೇ ದಂಡ ತೆರಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲೇ ರಾಸಾಯನಿಕ ಕಾರ್ಖಾನೆಗಳು ಮಣ್ಣು, ನೀರು ಕೆಡಿಸಿದ ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಪ್ರಕರಣದಲ್ಲಿ ಎತ್ತಿಹಿಡಿದಿತ್ತು. ಆದರೆ ಆ ಕಾರ್ಖಾನೆಗಳ ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕುತ್ತಾ ಹೋಗಿ, 37 ಕೋಟಿ ರೂಪಾಯಿಗೂ ಮಿಕ್ಕ ಮೊತ್ತವನ್ನು ಚಕ್ರಬಡ್ಡಿ ಸಮೇತ ಕಟ್ಟುವಂತೆ ಕೋರ್ಟ್ ಮತ್ತೆ ಹೇಳಬೇಕಾಗಿ ಬಂದದ್ದು 2011ರಲ್ಲಿ. ಮಲಿನ ತಾಣಗಳಿಗೆಂದೇ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದಿದ್ದು 2025ರ ಜುಲೈನಲ್ಲಿ. ಅದರಂತೆ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ತಾಣಗಳ ಪಟ್ಟಿ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ, ಮತ್ತೆ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ಮುಗಿಸಬೇಕು. ಕಲುಷಿತ ಎಂದು ಖಚಿತವಾದರೆ ಜನರಿಗೆ ತಿಳಿಸಿ ಪ್ರವೇಶ ನಿರ್ಬಂಧಿಸಬೇಕು. ಖರ್ಚು ಮಲಿನ ಮಾಡಿದವರದ್ದು. ಅವರು ಸಿಗದಿದ್ದರೆ ಅಥವಾ ಕೈಚೆಲ್ಲಿದರೆ ಕೇಂದ್ರ, ರಾಜ್ಯ ಸರ್ಕಾರಗಳದ್ದು.

ಒಳ್ಳೆಯ ಹೆಜ್ಜೆ. ಆದರೂ ಪತ್ತೆಗೆ ಗಡುವು ಇಟ್ಟ ನಿಯಮ, ಶುದ್ಧೀಕರಣ ಇಂಥ ದಿನದೊಳಗೆ ಮುಗಿಯಬೇಕು ಎಂದು ಹೇಳುವುದಿಲ್ಲ. ನಿಯಮ ಬಂದಾಗ ದೇಶದಲ್ಲಿ ಗುರುತಿಸಿದ್ದ 103 ತಾಣಗಳ ಪೈಕಿ ಕೆಲಸ ಶುರುವಾಗಿದ್ದದ್ದು ಏಳರಲ್ಲಿ ಮಾತ್ರ. ರೇರಾ ಕಾಯ್ದೆ ಕಟ್ಟಡದ ದೋಷಕ್ಕೆ ಐದು ವರ್ಷದ ಹೊಣೆ ಹೊರಿಸುತ್ತದೆ, ಜಾಗದ ಹಕ್ಕುಪತ್ರದಲ್ಲಿ ದೋಷವಿದ್ದರೆ ಪರಿಹಾರ ಕೊಡಿಸುತ್ತದೆ. ಮಣ್ಣಿನ ದೋಷವನ್ನು ಹೆಸರಿಸಿ ಹೇಳಿಲ್ಲ. ಬಿಲ್ಡರ್‌ಗೂ ಪಾಲಿಕೆಗೂ, ಕೊನೆಗೆ ನಿವಾಸಿಗಳ ಅಸೋಸಿಯೇಷನ್ನಿಗೂ ‘ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ’ ಎಂಬ ಧೋರಣೆ ಬರುವುದು ಈ ಸಂದಿನಲ್ಲೇ. ವರದಿ ಹೊರಬಂದರೆ ಫ್ಲ್ಯಾಟಿನ ಬೆಲೆ ಬೀಳುತ್ತದೆ ಎಂಬ ಭಯ ನಿವಾಸಿಗಳ ಬಾಯನ್ನೂ ಕಟ್ಟುತ್ತದೆ. ಆ ಭಯ ಸುಳ್ಳಲ್ಲ. ಆದರೆ ಬೆಲೆ ಕಾಯ್ದುಕೊಳ್ಳಲು ಬಾಯಿ ಮುಚ್ಚಿಕೊಂಡಷ್ಟು ಕಾಲ ವಿಷ ಹರಡುತ್ತಾ ಹೋಗುತ್ತದೆ, ಖರ್ಚೂ ಏರುತ್ತದೆ.

ನಿವಾಸಿಗಳು ಇವತ್ತೇ ಮಾಡಬಹುದಾದ ಅಗ್ಗದ ಕೆಲಸ ಬೋರ್‌ವೆಲ್ ನೀರಿನ ಪರೀಕ್ಷೆ. ವಾಡಿಕೆಯ ಟಿಡಿಎಸ್, ಗಡಸುತನದ ಪರೀಕ್ಷೆಗೆ ನಿಲ್ಲದೆ, ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಲ್ಲಿ ಸೀಸ, ಕ್ರೋಮಿಯಂ, ಪಾದರಸ, ಪೆಟ್ರೋಲಿಯಂ ಅಂಶಗಳನ್ನೂ ನೋಡಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ ಸೀಸ 0.01, ಒಟ್ಟು ಕ್ರೋಮಿಯಂ 0.05, ಪಾದರಸ 0.001 ಮಿಲಿಗ್ರಾಂ ಮೀರಬಾರದು. ಮೀರಿದ್ದರೆ ಆ ವರದಿಯನ್ನೇ ಲಗತ್ತಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು.

ಸರ್ಕಾರ ಮಾಡಬೇಕಾದದ್ದು ಇನ್ನೂ ಸರಳ. ಕಾರ್ಖಾನೆ, ಶೆಡ್ಡು, ಬಂಕ್, ಗುಜರಿ ಇದ್ದ ಅಥವಾ ತಗ್ಗು ತುಂಬಿಸಿದ ಜಾಗದಲ್ಲಿ ಮನೆ ಕಟ್ಟುವವರಿಂದ ನಕ್ಷೆ ಮಂಜೂರು ಮಾಡುವ ಮೊದಲೇ ಮಣ್ಣಿನ ರಾಸಾಯನಿಕ ವರದಿ ಕೇಳಬೇಕು. ಆ ವರದಿ ರೇರಾ ಜಾಲತಾಣದಲ್ಲಿ ಎಲ್ಲರಿಗೂ ಸಿಗಬೇಕು. ಆರು ತಿಂಗಳಿಗೊಮ್ಮೆ ತಯಾರಾಗಬೇಕಾದ ಶಂಕಿತ ತಾಣಗಳ ಪಟ್ಟಿ ವಾರ್ಡುವಾರು, ಕನ್ನಡದಲ್ಲಿ ಪ್ರಕಟವಾಗಬೇಕು. ಕಟ್ಟುವ ಮೊದಲು ಮಾದರಿ ತೆಗೆದು ನೋಡಲು ತಗಲುವ ಖರ್ಚು ಸಣ್ಣದು. ಕಟ್ಟಿ, ಮಾರಿ, ಜನ ವಾಸಕ್ಕೆ ಬಂದ ಮೇಲೆ ಅದೇ ಮಣ್ಣನ್ನು ಶುದ್ಧ ಮಾಡಲು ಹೊರಟರೆ, ಸಾಲ ಮಾಡಿ ಮನೆ ಕೊಂಡವರ ತಲೆಗೇ ಅದು ಸುತ್ತಿಕೊಳ್ಳುತ್ತದೆ.