ವಿಷಯಾಂತರ

ವಿದ್ಯಾರ್ಥಿಗಳು ಕಾವ್ಯವನ್ನು ಓದಿ ಅಥವಾ ನಾಟಕವನ್ನು ನೋಡಿ ತಮ್ಮ ಅಭಿಪ್ರಾಯವನ್ನು ಬರೆಯುವಾಗ, ಆ ಬರಹದಲ್ಲಿ ಅವರ ಸ್ವಾನುಭವಕ್ಕೆ ಎಷ್ಟು ಸ್ಥಳವಿರಬೇಕು? ಕಳೆದ ತಿಂಗಳು ನೆರೆಮನೆಯ ಗೃಹಸ್ಥರೊಬ್ಬರು ನನ್ನನ್ನು ಈ ಪ್ರಶ್ನೆ ಕೇಳಿದರು. ಅವರ ಮಗಳು ಒಂದು ನಾಟಕವನ್ನು ಕುರಿತು ಬರೆಯುತ್ತ ನಡುವೆ ತನ್ನ ಅಜ್ಜಿಯ ಸಂಗತಿಯನ್ನು ತಂದಿದ್ದಳಂತೆ. ಉಪಾಧ್ಯಾಯರು ಅದನ್ನು ಕೆಂಪು ಮಸಿಯಿಂದ ಹೊಡೆದುಹಾಕಿದರಂತೆ. "ಯಾರದು ಸರಿ, ಮೇಷ್ಟ್ರೇ?" ಎಂದರು. ನಾನು ಒಡನೆಯೇ ಉತ್ತರ ಹೇಳಲಾರದೆ ಹೋದೆನು. ಏಕೆಂದರೆ ಅಂತಹ ಕೆಂಪು ಗೆರೆಯನ್ನು ಎಳೆದ ಕೈಗಳಲ್ಲಿ ನನ್ನದೂ ಒಂದು. ಆ ತಪ್ಪನ್ನು ವಾಚಕ ಮಹಾಶಯರ ಮುಂದೆ ಒಪ್ಪಿಕೊಂಡ ಬಳಿಕ ಉತ್ತರಕ್ಕೆ ಬರುವುದೇ ನ್ಯಾಯವೆಂದು ತೋರುತ್ತದೆ.

1996ರಲ್ಲಿ ನಾನು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಡುತ್ತಿದ್ದೆನು. ಆ ವರ್ಷದ ವಾರ್ಷಿಕೋತ್ಸವಕ್ಕೆ ಶಾಕುಂತಲದ ನಾಲ್ಕನೆಯ ಅಂಕವನ್ನು ಹುಡುಗರಿಂದ ಆಡಿಸಬೇಕೆಂದು ನನಗೆ ಉತ್ಸಾಹವುಂಟಾಯಿತು. ಕಾಳಿದಾಸನ ಈ ನಾಟಕದ ಏಳು ಅಂಕಗಳಲ್ಲಿ ನಾಲ್ಕನೆಯದೇ ಶ್ರೇಷ್ಠವೆಂದೂ, ಅದರೊಳಗೂ ನಾಲ್ಕು ಶ್ಲೋಕಗಳು ಶ್ರೇಷ್ಠವೆಂದೂ ಹಿಂದಿನಿಂದ ಬಂದ ಮಾತುಂಟಷ್ಟೆ. ಮೈಸೂರಿನ ಆಸ್ಥಾನದಲ್ಲಿದ್ದು ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು (1843–1891) ಇದನ್ನು ಕನ್ನಡಕ್ಕೆ ತಂದ ಮೇಲಂತೂ ನಮ್ಮ ನಾಡಿನ ರಂಗಸ್ಥಳಕ್ಕೆ ಶಕುಂತಲೆ ಪರಕೀಯಳಲ್ಲ. ನಾನು ಸುಲಭವಾದ ಮಾತಿನಲ್ಲಿ ಅಂಕವನ್ನು ಸಂಗ್ರಹಿಸಿ ಬರೆದುಕೊಟ್ಟೆನು.

ಶಕುಂತಲೆಯು ಪತಿಗೃಹಕ್ಕೆ ಹೊರಡುವ ದಿನ ಕಣ್ವರು ಹೂ ತರಲೆಂದು ಋಷಿಕುಮಾರರನ್ನು ಕಳುಹಿಸುತ್ತಾರೆ. ಅವರು ಹಿಂದಿರುಗುವಾಗ ಕೈಯಲ್ಲಿ ಒಡವೆಗಳಿರುತ್ತವೆ. ಒಂದು ಮರ ಬೆಳುದಿಂಗಳಂತಹ ರೇಷ್ಮೆಯನ್ನು ಕೊಟ್ಟಿತು. ಇನ್ನೊಂದು ಪಾದಗಳಿಗೆ ಅರಗಿನ ರಸವನ್ನು ಸುರಿಸಿತು. ಉಳಿದವುಗಳಿಂದ ವನದೇವತೆಗಳು ಕೈಚಾಚಿ ಆಭರಣಗಳನ್ನು ನೀಡಿದರು. ನಮ್ಮ ನಾಟಕದಲ್ಲಿ ಈ ಒಡವೆಯ ತಟ್ಟೆಯನ್ನು ಹಿಡಿದು ಬಂದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ಬಡ ಒಕ್ಕಲುಮನೆಯವನು. ಒಡವೆಗಳೆಲ್ಲ ನಾಟಕದ ಅಂಗಡಿಯಿಂದ ಬಾಡಿಗೆಗೆ ತಂದ ಬೇಗಡೆಯವು. ಅವನಿಗಿದ್ದುದು ಎರಡೇ ಮಾತು. ಅವನ್ನು ಸ್ಪಷ್ಟವಾಗಿ ಆಡಿದನು.

ಮರುವಾರ ತರಗತಿಯಲ್ಲಿ "ನಾಲ್ಕನೆಯ ಅಂಕವನ್ನು ಕಂಡು ನಿಮಗೆ ಏನನ್ನಿಸಿತು?" ಎಂದು ಒಂದು ಪುಟ ಬರೆಯಲು ಹೇಳಿದೆನು. ಎಲ್ಲರೂ ಕಣ್ವರ ವಾತ್ಸಲ್ಯವನ್ನೂ ಪ್ರಕೃತಿಯ ಪ್ರೇಮವನ್ನೂ ಹೊಗಳಿ ಬರೆದರು. ಈ ಹುಡುಗನು ಬರೆದುದು ಸುಮಾರು ಹೀಗಿತ್ತು: "ಕಣ್ವರು ಪುಣ್ಯವಂತರು. ಅವರ ಮಗಳಿಗೆ ಮರಗಳು ಒಡವೆ ಕೊಟ್ಟವು. ನಮ್ಮಕ್ಕನ ಮದುವೆಗೆ ನಮ್ಮಪ್ಪ ಎರಡು ಎಮ್ಮೆ ಮಾರಿದರು. ಕಣ್ವರು ಅತ್ತರು. ನಮ್ಮಪ್ಪ ಅಳಲಿಲ್ಲ. ಅವರಿಗೆ ಅಳುವುದಕ್ಕೆ ಪುರುಸೊತ್ತು ಇರಲಿಲ್ಲ."

ನಾನು ಅಂಚಿನಲ್ಲಿ "ವಿಷಯಾಂತರ" ಎಂದು ಬರೆದು ಐದಕ್ಕೆ ಒಂದು ಅಂಕವನ್ನಿತ್ತೆನು. ಅಷ್ಟಕ್ಕೇ ನಿಲ್ಲಲಿಲ್ಲ. ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೊಂದನ್ನು ಬರೆಯುವುದಕ್ಕೆ ಇದು ನಿದರ್ಶನವೆಂದು ಹೇಳಿ ಇಡೀ ತರಗತಿಗೆ ಓದಿ ತೋರಿಸಿದೆನು. ಎಮ್ಮೆಯ ಮಾತು ಬಂದಾಗ ಹುಡುಗರು ನಕ್ಕರು. ಅವನು ತಲೆ ತಗ್ಗಿಸಿ ಕುಳಿತಿದ್ದನು. ಮುಂದಿನ ಪರೀಕ್ಷೆಯಲ್ಲಿ ಅವನು ಅಂಗಡಿಯ ಗೈಡಿನಲ್ಲಿದ್ದ ಉತ್ತರವನ್ನು ಅಕ್ಷರವೂ ತಪ್ಪದಂತೆ ಬರೆದನು. ಅದಕ್ಕೆ ನಾನು ಐದಕ್ಕೆ ನಾಲ್ಕೂವರೆ ಕೊಟ್ಟು, ಹುಡುಗನು ತಿದ್ದಿಕೊಂಡನೆಂದು ಸಂತೋಷಪಟ್ಟೆನು. ಶಾಲೆ ಬಿಡುವವರೆಗೆ ಅವನು ನನಗಾಗಿ ತನ್ನದೆಂಬ ಒಂದು ವಾಕ್ಯವನ್ನೂ ಮತ್ತೆ ಬರೆಯಲಿಲ್ಲ.

2019ರಲ್ಲಿ ನನ್ನ ಮಗಳ ವಿವಾಹವಾಯಿತು. ಮರುದಿನ ಅವಳು ಹೊರಡುವ ವೇಳೆಗೆ ನಾನು ಛತ್ರದ ಕಚೇರಿಯಲ್ಲಿ ಕುಳಿತು, ಅಡಿಗೆಯವರ ಬಾಕಿ, ಪಾತ್ರೆಯ ಬಾಡಿಗೆ, ಕಡಮೆಯಾದ ಎರಡು ತಂಬಿಗೆಗಳ ಲೆಕ್ಕ, ಇವುಗಳನ್ನು ನೋಡುತ್ತಿದ್ದೆನು. ನನ್ನಾಕೆ ಬಂದು, "ಮಗು ಕಾರಿನಲ್ಲಿ ಕುಳಿತಾಯಿತು, ಬನ್ನಿ ಅಂದರೆ!" ಎಂದಳು. ಕೈಯಲ್ಲಿ ರಸೀದಿಗಳನ್ನು ಹಿಡಿದೇ ಓಡಿದೆನು. ಮಗಳು ಅತ್ತಳು. ನನಗೆ ಅಳು ಬರಲಿಲ್ಲ. ಛತ್ರದವನು ಹಿಂದೆಯೇ ನಿಂತಿದ್ದನು. ಕಾರು ತಿರುವಿನಲ್ಲಿ ಮರೆಯಾದ ಮೇಲೆ, ಇಪ್ಪತ್ತಮೂರು ವರ್ಷಗಳ ಹಿಂದಿನ ಆ ವಾಕ್ಯವು ಯಾರೋ ಕಿವಿಯಲ್ಲಿ ಹೇಳಿದಂತೆ ನೆನಪಿಗೆ ಬಂದಿತು.

ಆ ರಾತ್ರಿ ಶಾಕುಂತಲವನ್ನು ತೆಗೆದು ನೋಡಿದೆನು. ಕಣ್ವರು ಮಗಳನ್ನು ಕಳುಹಿಸುವಾಗ ಹೇಳುವ ಮೊದಲ ಮಾತು ಯಾವುದು? ನನ್ನ ಹೃದಯವು ಉತ್ಕಂಠೆಯಿಂದ ತುಂಬಿದೆ, ಕಂಠವು ಬಿಗಿದಿದೆ, ದೃಷ್ಟಿಯು ಮಂಜಾಗಿದೆ. ಅರಣ್ಯವಾಸಿಯಾದ ನನಗೇ ಸ್ನೇಹದಿಂದ ಇಷ್ಟು ವ್ಯಾಕುಲವಾದರೆ, ಮಗಳನ್ನು ಅಗಲುವ ಗೃಹಸ್ಥರ ಪಾಡು ಏನಾಗಿರಬೇಕು, ಎಂಬುದು ಅದರ ತಾತ್ಪರ್ಯ. ನೂರಾರು ಸಲ ಪಾಠ ಹೇಳಿದ ಶ್ಲೋಕ! ಗೃಹಸ್ಥರ ಗತಿಯೇನೆಂದು ಕವಿಯೇ ಕಣ್ವರ ಬಾಯಿಂದ ಕೇಳಿಸಿದ್ದಾನೆ. ಒಬ್ಬ ಗೃಹಸ್ಥನ ಮಗನು ಆ ಪ್ರಶ್ನೆಗೆ ಉತ್ತರವನ್ನು ಬರೆದಿದ್ದನು. ಅಳುವುದಕ್ಕೂ ಬಿಡುವಿಲ್ಲದ ದುಃಖವೊಂದುಂಟೆಂದು ಹೇಳಿದ್ದನು. ಮಗಳನ್ನು ಕಳುಹಿಸಿದ ಮೇಲೆ, ನಿಕ್ಷೇಪವನ್ನು ಒಡೆಯನಿಗೆ ಹಿಂದಿರುಗಿಸಿದವನಂತೆ ತನ್ನ ಅಂತರಾತ್ಮವು ತಿಳಿಯಾಯಿತೆಂದು ಅಂಕದ ಕೊನೆಗೆ ಕಣ್ವರು ಹೇಳುತ್ತಾರೆ; ಎಮ್ಮೆ ಮಾರಿದ ತಂದೆಗೆ ಆ ನೆಮ್ಮದಿಯೂ ಇರಲಾರದಷ್ಟೆ. ಇಡೀ ತರಗತಿಯಲ್ಲಿ ವಿಷಯವನ್ನು ಬಿಡದೆ ಬರೆದವನು ಅವನೊಬ್ಬನೇ. ವಿಷಯಾಂತರಕ್ಕೆ ಹೋದವನು ನಾನು.

ಹಾಗಾದರೆ ವಿದ್ಯಾರ್ಥಿಯು ತನ್ನ ಮನೆಯ ಸಮಾಚಾರವನ್ನೇ ಬರೆದರೆ ಸಾಕೆ? ಸಾಲದು. ನಮ್ಮ ಅಲಂಕಾರಿಕರು ಇದನ್ನು ಚೆನ್ನಾಗಿ ವಿಚಾರಮಾಡಿದ್ದಾರೆ. ಭಟ್ಟನಾಯಕನು ಸಾಧಾರಣೀಕರಣವೆಂಬ ಮಾತನ್ನು ಹೇಳಿದನು: ರಂಗದ ಮೇಲಿನ ದುಃಖವು ಇಂಥವರದೇ ಎಂಬ ಕಟ್ಟನ್ನು ಕಳಚಿಕೊಂಡು ಎಲ್ಲರದೂ ಆದಾಗ ರಸವುಂಟಾಗುತ್ತದೆ. ಅಭಿನವಗುಪ್ತನು, ಕಾವ್ಯಾಭ್ಯಾಸದಿಂದ ಮನಸ್ಸಿನ ಕನ್ನಡಿಯನ್ನು ನಿರ್ಮಲಗೊಳಿಸಿಕೊಂಡು ವರ್ಣಿತವಾದ ವಸ್ತುವಿನೊಡನೆ ತನ್ಮಯನಾಗಬಲ್ಲವನೇ ಸಹೃದಯನೆಂದನು. ಕನ್ನಡಿಯಲ್ಲಿ ಬರಿಯ ತನ್ನ ಮುಖವನ್ನೇ ನೋಡುತ್ತ ಕುಳಿತರೆ ಕಾವ್ಯವು ಕಾಣುವುದಿಲ್ಲ. ಕನ್ನಡಿಯೇ ಇಲ್ಲದವನಿಗಂತೂ ಏನೂ ಕಾಣುವುದಿಲ್ಲ. ಸ್ವಾನುಭವವು ಕಾವ್ಯಮಂದಿರದ ಬಾಗಿಲು. ಬಾಗಿಲನ್ನು ಮುಚ್ಚುವ ಉಪಾಧ್ಯಾಯನು ತಪ್ಪಿತಸ್ಥನು. ಹೊಸ್ತಿಲಮೇಲೆಯೇ ಕುಳಿತ ವಿದ್ಯಾರ್ಥಿಯನ್ನು ಒಳಕ್ಕೆ ಕರೆಯದವನೂ ತಪ್ಪಿತಸ್ಥನೇ.

ಸೇವೆಯ ಕಡೆಯ ವರ್ಷಗಳಲ್ಲಿ ನಾನು ಇದೇ ಅಂಕವನ್ನು ಹೇಳಿ, ಅದೇ ಪ್ರಶ್ನೆಯನ್ನು ಕೊಡುತ್ತಿದ್ದೆನು. ಒಬ್ಬ ಹುಡುಗಿಯು ಮೂರು ಪುಟ ಬರೆದು ತಂದಳು. ಓದಿಗಾಗಿ ತಾನು ಸೋದರಮಾವನ ಮನೆಗೆ ಬಂದ ದಿನ ಮನೆಯ ನಾಯಿಯು ಬಸ್ಸಿನವರೆಗೆ ಹಿಂಬಾಲಿಸಿದ ಕಥೆ. ಶಕುಂತಲೆಯ ಹೆಸರೇ ಇರಲಿಲ್ಲ. ಈ ಸಲ ನಾನು ಕೆಂಪು ಮಸಿಯನ್ನು ಮುಟ್ಟದೆ, "ಚೆನ್ನಾಗಿದೆಯಮ್ಮ. ಈಗ ಸೆರಗು ಹಿಡಿದೆಳೆಯುವ ಜಿಂಕೆಯ ಮರಿಯ ಭಾಗವನ್ನು ಇನ್ನೊಂದು ಸಲ ಓದಿಕೊಂಡು ಬಾ" ಎಂದೆನು. ಮರುದಿನ ಅವಳು ಕೆಳಗೆ ಇಷ್ಟನ್ನು ಸೇರಿಸಿ ತಂದಳು: "ಶಕುಂತಲೆ ಮರಿಗೆ, ತಾಯಿಯಿಲ್ಲದ ನಿನ್ನನ್ನು ನಾನು ಸಾಕಿದೆ, ಇನ್ನು ಅಪ್ಪ ನೋಡಿಕೊಳ್ಳುತ್ತಾರೆ ಎನ್ನುತ್ತಾಳೆ. ಅವಳನ್ನೂ ತಾಯಿ ಹುಟ್ಟಿದಾಗಲೇ ಬಿಟ್ಟುಹೋಗಿದ್ದಳು, ಅಪ್ಪನೇ ಸಾಕಿದ್ದು. ಆದ್ದರಿಂದಲೇ ಆ ಮಾತು ಅವಳಿಗೆ ಬಂತು. ನಾನು ನಮ್ಮ ನಾಯಿಗೆ ಏನೂ ಹೇಳದೆ ಬಸ್ಸು ಹತ್ತಿದೆ."

ಮೇನಕೆ ತೊರೆದ ಮಗುವೇ ತಬ್ಬಲಿ ಮರಿಯನ್ನು ಸಂತೈಸುತ್ತಿದೆಯೆಂಬ ಈ ಸೂಕ್ಷ್ಮವನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಾಯಿಯನ್ನು ಬಿಟ್ಟುಬಂದ ಸಂಕಟವೇ ಅವಳ ಕೈಹಿಡಿದು ಅಲ್ಲಿಗೆ ಕರೆದೊಯ್ದಿತು.

ಆದುದರಿಂದ ನೆರೆಮನೆಯವರಿಗೆ ನಾನು ಕೊಟ್ಟ ಉತ್ತರವನ್ನೇ ಗೃಹಸ್ಥರೆಲ್ಲರಿಗೂ ಹೇಳುತ್ತೇನೆ. ಮಕ್ಕಳು ನಾಟಕ ನೋಡಿ ಬಂದಾಗ "ಇದರ ನೀತಿ ಏನು?" ಎಂದು ಮೊದಲೇ ಕೇಳಬೇಡಿರಿ. "ಯಾವ ಸ್ಥಳ ಮನಸ್ಸಿನಲ್ಲಿ ನಿಂತಿತು? ಅಂತಹದನ್ನು ನೀನು ಎಲ್ಲಿ ಕಂಡಿದ್ದೆ?" ಎಂದು ಕೇಳಿರಿ. ಅವರು ಅಜ್ಜಿಯ ಮಾತನ್ನೋ ಎಮ್ಮೆಯ ಮಾತನ್ನೋ ತಂದರೆ ನಗದೆ ಕೇಳಿರಿ. ಅನಂತರ, "ಅಲ್ಲಿಗೂ ಇಲ್ಲಿಗೂ ಎಲ್ಲಿ ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ?" ಎಂದು ಪುಸ್ತಕವನ್ನು ಅವರ ಮುಂದೆ ತೆರೆದಿಡಿರಿ. ಈ ಕಡೆಯ ಕೆಲಸವನ್ನು ಮರೆಯಬಾರದು.

ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ನಲವತ್ತು ದಾಟಿರಬೇಕು, ಅವನಿಗೂ ಕಳುಹಿಸಿಕೊಡಬೇಕಾದ ಮಗಳಿರಬಹುದು. ಅವನ ಅಂಕವನ್ನು ತಿದ್ದುವ ಅಧಿಕಾರ ಈಗ ನನಗಿಲ್ಲ. ಆದರೆ ಅಂದು ತರಗತಿಯ ಎದುರಿಗೆ ಓದಿ ನಗಿಸಿದ ವಾಕ್ಯಗಳನ್ನು ಇಂದು ಇಷ್ಟು ಮಂದಿ ವಾಚಕರ ಎದುರಿಗೆ ಮತ್ತೊಮ್ಮೆ ಓದಿದ್ದೇನೆ. ಈ ಸಲ ಯಾರೂ ನಗಲಾರರೆಂದು ನಂಬಿದ್ದೇನೆ.